ವಿದೇಶಕ್ಕೆ ಓದಲು ಹೋಗುವವರಿಗೆ ಸೈಟೇಶನ್ ಮೊದಲೇ ಹೇಳಿಕೊಡಿ

ಸಂಪಾದಕರಿಗೆ ನಮಸ್ಕಾರ,

ವಿದೇಶದಲ್ಲಿ ಓದುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ವೀಸಾಕ್ಕೆ ಏನೇನು ದಾಖಲೆ ಬೇಕು, ಇಂಗ್ಲಿಷ್ ಪರೀಕ್ಷೆಗೆ ಹೇಗೆ ತಯಾರಾಗಬೇಕು, ಸ್ಕಾಲರ್‌ಶಿಪ್‌ಗೆ ಯಾವಾಗ ಅರ್ಜಿ ಹಾಕಬೇಕು, ಇದೆಲ್ಲ ಚೆನ್ನಾಗಿ ಬರುತ್ತದೆ. ಆದರೆ ಅಲ್ಲಿಗೆ ಹೋಗಿ ಕ್ಲಾಸಿನಲ್ಲಿ ಕೂತ ಮೇಲೆ ಮೊದಲ ಸೆಮಿಸ್ಟರ್‌ನಲ್ಲೇ ಮಕ್ಕಳನ್ನು ಕಂಗೆಡಿಸುವ ಒಂದು ವಿಷಯದ ಬಗ್ಗೆ ಯಾರೂ ಬರೆಯುವುದಿಲ್ಲ. ಅದು ಸೈಟೇಶನ್. ನಮ್ಮ ಪ್ರಬಂಧದಲ್ಲಿ ಬೇರೆಯವರ ಮಾತು, ಅಂಕಿಅಂಶ, ವಿಚಾರ ಬಳಸಿದಾಗ ಅದು ಎಲ್ಲಿಂದ ಬಂತು ಅಂತ ಸರಿಯಾಗಿ ಹೇಳುವ ಕ್ರಮ. ನಾನು ಬೇರೆ ದೇಶದಲ್ಲಿ ಓದಿದವಳು. ಈಗ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ಕರಡು ಓದಿ, ಅವರ ಜೊತೆ ಕೂತು ತಿದ್ದಿಸುವ ಕೆಲಸದಲ್ಲಿದ್ದೇನೆ. ಹಾಗಾಗಿ ಈ ಪತ್ರ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಇದರಲ್ಲಿ ಎಡವಿದವರು ಅಂಕ ಕಳೆದುಕೊಳ್ಳುತ್ತಾರೆ, ಕೃತಿಚೌರ್ಯದ ಆರೋಪ ಹೊತ್ತು ಸಮಿತಿಯ ಮುಂದೆ ನಿಲ್ಲುತ್ತಾರೆ. ಅಮಾನತಾದರೆ ವೀಸಾಕ್ಕೂ ಕುತ್ತು ಬರುತ್ತದೆ, ಯಾಕೆಂದರೆ ವಿದ್ಯಾರ್ಥಿ ವೀಸಾ ನಿಂತಿರುವುದೇ ಕೋರ್ಸಿನ ದಾಖಲಾತಿಯ ಮೇಲೆ. ಅದೇ ತಪ್ಪು ಮಾಡಿದ ಸ್ಥಳೀಯ ವಿದ್ಯಾರ್ಥಿ ಒಂದು ಸೆಮಿಸ್ಟರ್ ಮನೆಯಲ್ಲಿ ಕೂತು ವಾಪಸ್ ಬರಬಹುದು. ಹೊರಗಿನಿಂದ ಬಂದವರು ದೇಶವನ್ನೇ ಬಿಡಬೇಕಾಗಬಹುದು. ಒಂದೇ ತಪ್ಪು, ಆದರೆ ಪೆಟ್ಟು ಒಂದೇ ಅಲ್ಲ.

ಮೊದಲ ಅಸೈನ್‌ಮೆಂಟಿನ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಎಪಿಎ 7ನೇ ಆವೃತ್ತಿಯ ಪ್ರಕಾರ ಉಲ್ಲೇಖ ಕೊಡಿ. ಅಷ್ಟೇ. ಎಪಿಎ ಅಂದರೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಮಾಡಿದ ನಿಯಮ, ಅದನ್ನು ಮನಶ್ಶಾಸ್ತ್ರದವರಷ್ಟೇ ಅಲ್ಲ, ಶಿಕ್ಷಣ, ನರ್ಸಿಂಗ್‌ನಂಥ ಎಷ್ಟೋ ವಿಭಾಗದವರು ಬಳಸುತ್ತಾರೆ ಅಂತ ಹೇಳುವವರೂ ಇರುವುದಿಲ್ಲ. ಪಕ್ಕದ ಸಾಹಿತ್ಯ ವಿಭಾಗದಿಂದ ಒಂದು ಐಚ್ಛಿಕ ವಿಷಯ ತೆಗೆದುಕೊಂಡರೆ ಅಲ್ಲಿ ಎಂಎಲ್‌ಎ, ಅಂದರೆ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಮಾಡಿದ ಶೈಲಿ. ಇತಿಹಾಸದಲ್ಲಿ ಶಿಕಾಗೊ ಅಡಿಟಿಪ್ಪಣಿ. ಎಂಜಿನಿಯರಿಂಗ್‌ನಲ್ಲಿ ಐಇಇಇ. ವೈದ್ಯಕೀಯದಲ್ಲಿ ವ್ಯಾಂಕೂವರ್. ಇನ್ನು ಹಾರ್ವರ್ಡ್ ಶೈಲಿ ಅಂತ ಒಂದಿದೆ, ಅದಕ್ಕೆ ಎಲ್ಲರೂ ಒಪ್ಪುವ ಒಂದೇ ಕೈಪಿಡಿಯೂ ಇಲ್ಲ. ಒಂದೊಂದು ವಿಶ್ವವಿದ್ಯಾಲಯ ತನ್ನದೇ ರೀತಿಯಲ್ಲಿ ಅದನ್ನು ಹೇಳಿಕೊಡುತ್ತದೆ.

ಎಷ್ಟು ವ್ಯತ್ಯಾಸ ಇರುತ್ತದೆ ಅಂತ ಒಂದೇ ಲೇಖನ ಇಟ್ಟುಕೊಂಡು ನೋಡೋಣ. ಡಿಎನ್‌ಎ ರಚನೆಯ ಬಗ್ಗೆ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದದ್ದು. ಸಂಪುಟ 171, ಸಂಚಿಕೆ 4356, ಪುಟ 737ರಿಂದ 738. ಎಪಿಎಯಲ್ಲಾದರೆ ಮೊದಲು ವಾಟ್ಸನ್, ಕಾಮಾ, ಜೆ. ಡಿ., ಆಮೇಲೆ ಕ್ರಿಕ್, ಕಾಮಾ, ಎಫ್. ಎಚ್. ಸಿ., ಅದರ ಬೆನ್ನಿಗೇ ಆವರಣದಲ್ಲಿ ವರ್ಷ. ಲೇಖನದ ಶೀರ್ಷಿಕೆ ನೆಟ್ಟಗಿನ ಅಕ್ಷರದಲ್ಲಿ, ಪತ್ರಿಕೆಯ ಹೆಸರು ಮತ್ತು ಸಂಪುಟದ ಸಂಖ್ಯೆ ಓರೆ ಅಕ್ಷರದಲ್ಲಿ. ಅದಕ್ಕೆ ಅಂಟಿಕೊಂಡೇ ಆವರಣದಲ್ಲಿ ಬರುವ ಸಂಚಿಕೆಯ ಸಂಖ್ಯೆ ಮಾತ್ರ ಓರೆಯಲ್ಲ. ಕೊನೆಗೆ ಪುಟ, ಆಮೇಲೆ ಡಿಒಐ, ಅಂದರೆ ಆನ್‌ಲೈನ್‌ನಲ್ಲಿ ಆ ಲೇಖನವನ್ನು ಗುರುತಿಸುವ ಸಂಖ್ಯೆ. ಎಂಎಲ್‌ಎಗೆ ಹೋದರೆ ಮೊದಲ ಲೇಖಕರ ಹೆಸರು ಮಾತ್ರ ಹಿಂದುಮುಂದು (ಸರ್‌ನೇಮ್ ಮೊದಲು), ಎರಡನೆಯವರದು ಮಾಮೂಲಿ ಕ್ರಮದಲ್ಲಿ, ಶೀರ್ಷಿಕೆಗೆ ಉದ್ಧರಣ ಚಿಹ್ನೆ, ವರ್ಷ ಕೊನೆಯ ಕಡೆಗೆ. ವ್ಯಾಂಕೂವರ್‌ನಲ್ಲಿ ಇನಿಷಿಯಲ್‌ಗಳ ನಡುವೆ ಚುಕ್ಕಿಯೂ ಇಲ್ಲ, ಜಾಗವೂ ಇಲ್ಲ, ಪುಟವನ್ನು 737-8 ಅಂತ ಮೊಟಕು ಮಾಡುತ್ತಾರೆ. ಐಇಇಇಯಲ್ಲಿ ಇನಿಷಿಯಲ್ ಮೊದಲು, ಸರ್‌ನೇಮ್ ಆಮೇಲೆ, ಪ್ರಬಂಧದ ಒಳಗೆ ಚೌಕ ಆವರಣದಲ್ಲಿ ಬರೀ ಒಂದು ಸಂಖ್ಯೆ.

ಇದನ್ನೆಲ್ಲ ಬಾಯಿಪಾಠ ಮಾಡಲು ಕೂತರೆ ತಲೆ ಕೆಡುವುದು ಸಹಜ. ಆದರೆ ಪ್ರತಿ ಶೈಲಿಯ ಹಿಂದೆ ಒಂದು ಕಾರಣ ಇದೆ, ಅದನ್ನು ಯಾರಾದರೂ ಐದು ನಿಮಿಷ ಕೂತು ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಸಮಾಜ ವಿಜ್ಞಾನದಲ್ಲಿ ತಿಳಿವಳಿಕೆ ಬೇಗ ಬದಲಾಗುತ್ತದೆ, ಸಂಶೋಧನೆ ಎಷ್ಟು ಹಳೆಯದು ಅಂತ ಓದುಗರಿಗೆ ಕೂಡಲೇ ತಿಳಿಯಬೇಕು. ಅದಕ್ಕೇ ಎಪಿಎಯಲ್ಲಿ ಹೆಸರಿನ ಪಕ್ಕದಲ್ಲೇ ವರ್ಷ. ಸಾಹಿತ್ಯದಲ್ಲಿ ಕೃತಿಯ ಯಾವ ಸಾಲಿನ ಬಗ್ಗೆ ಮಾತು ಅನ್ನುವುದು ಮುಖ್ಯ. ಅದಕ್ಕೇ ಎಂಎಲ್‌ಎಯಲ್ಲಿ ಹೆಸರಿನ ಜೊತೆ ಪುಟ ಸಂಖ್ಯೆ. ಇತಿಹಾಸಕಾರರು ಹಳೆಯ ಪತ್ರ, ಕಡತ, ಕೈಬರಹಗಳನ್ನು ಬಳಸುತ್ತಾರೆ, ಅದರ ಬಗ್ಗೆ ಎರಡು ಮಾತು ವಿವರಿಸಲು ಜಾಗ ಬೇಕು. ಅಡಿಟಿಪ್ಪಣಿ ಆ ಜಾಗ. ಒಂದೊಂದು ವಾಕ್ಯಕ್ಕೂ ನಾಲ್ಕೈದು ಆಧಾರ ಕೊಡುವ ವೈದ್ಯರಿಗೆ ಸಂಖ್ಯೆ ಹಾಕಿದರೇ ಅನುಕೂಲ. ಇಷ್ಟು ಗೊತ್ತಾದರೆ ಕಾಮಾ, ಚುಕ್ಕಿಗಳನ್ನು ನೋಡಿಕೊಂಡು ಹಾಕಬಹುದು, ಅಲ್ವಾ? ಯಾವ ಪ್ರಾಧ್ಯಾಪಕರೂ ಅದನ್ನೆಲ್ಲ ನೆನಪಿನಿಂದ ಬರೆಯುವುದಿಲ್ಲ. 1929ರಲ್ಲಿ ಎಪಿಎ ನಿಯಮಗಳು ಶುರುವಾದಾಗ ಅವು ಏಳು ಪುಟದ ಒಂದು ಲೇಖನ ಮಾತ್ರ. ಇವತ್ತಿನ ಕೈಪಿಡಿ 400 ಪುಟ ದಾಟಿದೆ. ಅದು ಬೇಕಾದಾಗ ತೆರೆದು ನೋಡುವ ಪುಸ್ತಕ, ಅಷ್ಟೇ.

ಒಂದು ಎಚ್ಚರಿಕೆ ಮಾತ್ರ ಬೇಕು. ನಿಯಮಗಳು ಬದಲಾಗುತ್ತವೆ. 2019ರಲ್ಲಿ ಬಂದ ಎಪಿಎ 7ರಲ್ಲಿ ಪುಸ್ತಕದ ಪ್ರಕಾಶಕರ ಊರು ಬರೆಯುವುದನ್ನು ಕೈಬಿಟ್ಟರು. ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಪ್ರಬಂಧದ ಒಳಗೆ ಮೊದಲ ಸಲದಿಂದಲೇ ಒಬ್ಬರ ಹೆಸರು ಬರೆದು "ಮತ್ತಿತರರು" ಅಂದರೆ ಸಾಕು ಅಂದರು. ಹಾಗಾಗಿ ಸೀನಿಯರ್ ಕೊಟ್ಟ ಹಳೆಯ ಫೈಲ್ ನೋಡಿ ಬರೆದರೆ ಅಂಕ ಹೋಗುತ್ತದೆ.

ಇಷ್ಟು ಫಾರ್ಮ್ಯಾಟಿನ ಮಾತಾಯಿತು. ನಾನು ನಿಜಕ್ಕೂ ಹೇಳಬೇಕು ಅಂದುಕೊಂಡಿರುವುದು ಬೇರೆ. ಸೈಟೇಶನ್ ಅನ್ನುವುದು ಬರೆದು ಮುಗಿಸಿದ ಮೇಲೆ ಕೊನೆಯ ರಾತ್ರಿ ಕೂತು ಮಾಡುವ ಕೆಲಸವೇ ಅಲ್ಲ. ಅದು ಓದುವಾಗಲೇ ಶುರುವಾಗಬೇಕು. ನನ್ನ ಹತ್ತಿರ ಬಂದ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಯ ಉಲ್ಲೇಖ ಪಟ್ಟಿಯಲ್ಲಿ ಒಂದು ಕಾಮಾ ಕೂಡ ತಪ್ಪಿರಲಿಲ್ಲ, ಅಷ್ಟು ಕಷ್ಟಪಟ್ಟಿದ್ದಳು. ಆದರೆ ಎರಡನೇ ಪುಟದ ಒಂದು ಪ್ಯಾರಾ ತೋರಿಸಿ "ಇದರಲ್ಲಿ ಯಾವ ವಾಕ್ಯ ನಿನ್ನದು, ಯಾವುದು ಲೇಖಕರದು?" ಅಂತ ಕೇಳಿದರೆ ಅವಳಿಗೆ ಹೇಳಲು ಆಗಲಿಲ್ಲ. ಓದುತ್ತಾ ಓದುತ್ತಾ ಚೆನ್ನಾಗಿ ಕಂಡ ಸಾಲುಗಳನ್ನೆಲ್ಲ ಒಂದೇ ಫೈಲ್‌ಗೆ ಕಾಪಿ ಮಾಡಿಕೊಂಡಿದ್ದಳು, ಅದರ ನಡುವೆಯೇ ತನ್ನ ಮಾತನ್ನೂ ಬರೆದಿದ್ದಳು, ಎರಡು ವಾರ ಬಿಟ್ಟು ನೋಡಿದಾಗ ಎರಡೂ ಕಲಸಿಹೋಗಿದ್ದವು. ಅವಳು ಕದ್ದಿರಲಿಲ್ಲ. ಹೇಗೆ ಗುರುತು ಹಾಕಿಕೊಳ್ಳಬೇಕು ಅಂತ ಅವಳಿಗೆ ಯಾರೂ ತೋರಿಸಿರಲಿಲ್ಲ.

ತೋರಿಸುವುದು ಕಷ್ಟವೇನಲ್ಲ. ನೋಟ್ಸ್ ಬರೆಯುವಾಗ ಲೇಖಕರ ಮಾತು ಇದ್ದಂತೆ ಇಳಿಸಿದರೆ ಆಗಲೇ ಉದ್ಧರಣ ಚಿಹ್ನೆ ಹಾಕಿ, ಆಗಲೇ ಪುಟ ಸಂಖ್ಯೆ ಬರೆಯಬೇಕು. ಸ್ವಂತ ವಿಚಾರ ಹೊಳೆದರೆ ಬೇರೆ ಬಣ್ಣದಲ್ಲಿ ಬರೆಯಬೇಕು, ಅಥವಾ ಪಕ್ಕದಲ್ಲಿ "ನನ್ನದು" ಅಂತ ಗುರುತಿಸಬೇಕು. ಸಾರಾಂಶ ಬರೆಯಬೇಕಾದರೆ ಆ ಭಾಗವನ್ನು ಎರಡು ಸಲ ಓದಿ, ಲೇಖನವನ್ನು ಮುಚ್ಚಿಟ್ಟು, ಗೆಳತಿಗೆ ಹೇಳುವ ಹಾಗೆ ಬರೆದು, ಆಮೇಲೆ ತೆರೆದು ಅರ್ಥ ತಪ್ಪಿದೆಯಾ ಅಂತ ನೋಡಬೇಕು. ಮುಚ್ಚದೇ ಬರೆದರೆ ಏನಾಗುತ್ತದೆ ನೋಡಿ. ಮೂಲದಲ್ಲಿ "ನಿದ್ದೆ ಕಡಿಮೆಯಾದ ವಿದ್ಯಾರ್ಥಿಗಳಲ್ಲಿ ಏಕಾಗ್ರತೆ ಕುಗ್ಗುತ್ತದೆ, ಅದರಿಂದ ಪರೀಕ್ಷೆಯ ಫಲಿತಾಂಶವೂ ಇಳಿಯುತ್ತದೆ" ಅಂತ ಇದೆ ಅಂದುಕೊಳ್ಳಿ. ನಮ್ಮ ಕೈ "ನಿದ್ರೆ ಕೊರತೆಯಿರುವ ವಿದ್ಯಾರ್ಥಿಗಳಲ್ಲಿ ಗಮನ ಕಡಿಮೆಯಾಗುತ್ತದೆ, ಅದರಿಂದ ಪರೀಕ್ಷೆಯ ಅಂಕವೂ ಕುಸಿಯುತ್ತದೆ" ಅಂತ ಬರೆದುಬಿಡುತ್ತದೆ. ಪದ ಬದಲಾಗಿದೆ, ವಾಕ್ಯ ಅದೇ. ಇದಕ್ಕೆ ಪ್ಯಾಚ್‌ರೈಟಿಂಗ್ ಅಂತಾರೆ. 1990ರ ದಶಕದಲ್ಲಿ ಇದರ ಬಗ್ಗೆ ಬರೆದ ಅಮೆರಿಕದ ಪ್ರಾಧ್ಯಾಪಕಿ ರೆಬೆಕಾ ಮೂರ್ ಹೋವರ್ಡ್ ಅವರ ವಾದ ಏನೆಂದರೆ, ಹೊಸ ವಿಷಯದ ಭಾಷೆ ಇನ್ನೂ ಕೈಗೆ ಹತ್ತದ ವಿದ್ಯಾರ್ಥಿಗಳು ಹೀಗೆ ಬರೆಯುವುದು ಕಲಿಕೆಯ ಒಂದು ಹಂತ, ಅದನ್ನು ವಂಚನೆಯಂತೆ ನೋಡಬಾರದು. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಎರಡನೇ ಭಾಷೆಯಲ್ಲಿ ಬರೆಯುವವರಿಗೆ ಲೇಖಕರ ವಾಕ್ಯವೇ ಸರಿಯಾದ ವಾಕ್ಯ ಅನ್ನಿಸುತ್ತದೆ, ಅದನ್ನು ಮುಟ್ಟಲು ಭಯವಾಗುತ್ತದೆ. ಆ ಭಯ ಹೋಗಲು ಅಭ್ಯಾಸ ಬೇಕು, ನೋಟಿಸ್ ಅಲ್ಲ. ಆದರೆ ಎಷ್ಟೋ ಕಡೆ ನಿಯಮಾವಳಿಯಲ್ಲಿ ಇದೂ ಕೃತಿಚೌರ್ಯವೇ, ಹಾಗಾಗಿ ವಿದ್ಯಾರ್ಥಿಗಳಂತೂ ಎಚ್ಚರವಾಗಿರಲೇಬೇಕು.

ಮೂಲವನ್ನೇ ಓದಬೇಕು ಅನ್ನುವುದೂ ಇದಕ್ಕೆ ಸೇರಿದ್ದೇ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಸಂಪಾದಕರಿಗೆ ಬರೆದ ಒಂದು ಪುಟ್ಟ ಪತ್ರ ಪ್ರಕಟವಾಯಿತು. ಬರೀ ಐದು ವಾಕ್ಯ. ಆಸ್ಪತ್ರೆಯಲ್ಲಿದ್ದಾಗ ಅಫೀಮು ಬಗೆಯ ನೋವು ನಿವಾರಕ ಪಡೆದ 11,882 ರೋಗಿಗಳಲ್ಲಿ, ಮೊದಲು ಯಾವ ಚಟವೂ ಇಲ್ಲದೆ ಆಮೇಲೆ ಚಟಕ್ಕೆ ಬಿದ್ದವರು ನಾಲ್ಕೇ ಜನ ಅಂತ ಅದರಲ್ಲಿತ್ತು. ಆ ಮೇಲೆ ಬಂದವರು ಇದನ್ನು ಎತ್ತಿಕೊಂಡು ಈ ಔಷಧಿಗಳಿಂದ ಚಟ ಹತ್ತುವುದು ಅಪರೂಪ ಅಂತ ಬರೆಯುತ್ತಾ ಹೋದರು. 2017ರಲ್ಲಿ ಅದೇ ಜರ್ನಲ್‌ನಲ್ಲಿ ಕೆಲವು ಸಂಶೋಧಕರು ಲೆಕ್ಕ ಹಾಕಿದಾಗ ಆ ಪತ್ರವನ್ನು 608 ಸಲ ಉಲ್ಲೇಖಿಸಿದ್ದು ಸಿಕ್ಕಿತು. ಅವುಗಳಲ್ಲಿ ಶೇ 72ರಷ್ಟು ಅದನ್ನು ಚಟ ಅಪರೂಪ ಅನ್ನುವುದಕ್ಕೆ ಪುರಾವೆಯಾಗಿ ಬಳಸಿದ್ದವು. ಶೇ 80ಕ್ಕೂ ಹೆಚ್ಚು ಉಲ್ಲೇಖಗಳಲ್ಲಿ, ಆ ರೋಗಿಗಳು ಆಸ್ಪತ್ರೆಯಲ್ಲಿ ದಾಖಲಾಗಿದ್ದವರು ಅನ್ನುವ ಮಾತೇ ಇರಲಿಲ್ಲ. ಉತ್ತರ ಅಮೆರಿಕದಲ್ಲಿ ಈ ಔಷಧಿಗಳ ಚಟ ಎಷ್ಟು ಜೀವ ತೆಗೆಯಿತು ಅಂತ ಪತ್ರಿಕೆ ಓದುವವರಿಗೆ ಹೇಳಬೇಕಿಲ್ಲ. ಐದು ವಾಕ್ಯ ಓದಲು ಎರಡು ನಿಮಿಷ ಸಾಕಿತ್ತು. ಇನ್ನೊಬ್ಬರ ಲೇಖನದಲ್ಲಿ ಕಂಡ ಉಲ್ಲೇಖವನ್ನು ಮೂಲ ತೆರೆಯದೆ ಎತ್ತಿ ಹಾಕಬೇಡಿ ಅಂತ ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಇದನ್ನೇ ತೋರಿಸುತ್ತೇನೆ.

ಮೇಲೆ ಹೇಳಿದ ವಾಟ್ಸನ್, ಕ್ರಿಕ್ ಲೇಖನವನ್ನೂ ತೋರಿಸುತ್ತೇನೆ. ಡಿಎನ್‌ಎ ಬಗ್ಗೆ ವಿಜ್ಞಾನಿ ರೊಸಲಿಂಡ್ ಫ್ರಾಂಕ್ಲಿನ್ ಅವರು ಮಾಡಿದ ಎಕ್ಸ್-ರೇ ಕೆಲಸಕ್ಕೆ ಅದರಲ್ಲಿ ಸಿಕ್ಕ ಮನ್ನಣೆ ಕೊನೆಯಲ್ಲಿ ಧನ್ಯವಾದ ಹೇಳುವ ಪ್ಯಾರಾದ ಒಂದು ವಾಕ್ಯ. ಪ್ರಕಟವಾಗದ ಅವರ ಫಲಿತಾಂಶಗಳ ಸ್ಥೂಲ ಸ್ವರೂಪ ತಮಗೆ ಗೊತ್ತಿತ್ತು, ಅದರಿಂದ ಪ್ರೇರಣೆ ಸಿಕ್ಕಿತು ಅನ್ನುವ ಧಾಟಿಯ ಮಾತು. ಅವರಿಗೆ ಸಲ್ಲಬೇಕಾದ ಪಾಲು ಎಷ್ಟು ಅನ್ನುವ ಚರ್ಚೆ 70 ವರ್ಷ ಕಳೆದರೂ ನಿಂತಿಲ್ಲ. ಯಾರ ಕೆಲಸ ಅಂತ ಸ್ಪಷ್ಟವಾಗಿ ಬರೆಯುವುದು ಎಷ್ಟು ಮುಖ್ಯ ಅಂತ ಇದನ್ನು ನೋಡಿದ ವಿದ್ಯಾರ್ಥಿಗಳಿಗೆ ಬೇರೆ ವಿವರಿಸಬೇಕಾಗುವುದಿಲ್ಲ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉಲ್ಲೇಖಗಳನ್ನು ಕೂಡಿಡುವ ಜೊಟೆರೊ ಅನ್ನುವ ಸಾಫ್ಟ್‌ವೇರ್ 2006ರಿಂದ ಉಚಿತವಾಗಿ ಸಿಗುತ್ತಿದೆ. ಮೊದಲ ವಾರವೇ ಹಾಕಿಕೊಂಡು, ಓದಿದ ಪ್ರತಿ ಲೇಖನವನ್ನೂ ಅದರಲ್ಲಿ ಸೇರಿಸುತ್ತಾ ಹೋದರೆ ಪಟ್ಟಿ ತಾನೇ ತಯಾರಾಗುತ್ತದೆ. ಲೇಖನವನ್ನು ಜರ್ನಲ್ ಹಿಂಪಡೆದಿದ್ದರೆ ಅದನ್ನೂ ಎಚ್ಚರಿಸುತ್ತದೆ. ಆದರೆ ಅದು ಎಲ್ಲಿಂದ ಮಾಹಿತಿ ಎಳೆದುಕೊಳ್ಳುತ್ತದೋ ಅಲ್ಲೇ ತಪ್ಪಿದ್ದರೆ ಪಟ್ಟಿಯಲ್ಲೂ ತಪ್ಪೇ. ಶೀರ್ಷಿಕೆ ಪೂರ್ತಿ ದೊಡ್ಡಕ್ಷರದಲ್ಲಿ ಬಂದಿರುತ್ತದೆ, ಲೇಖಕರ ಜಾಗದಲ್ಲಿ ಸಂಸ್ಥೆಯ ಹೆಸರಿರುತ್ತದೆ. ಒಂದೊಂದಾಗಿ ಕಣ್ಣಾಡಿಸಲೇಬೇಕು.

ಹೆಸರುಗಳ ತೊಡಕು ಮಾತ್ರ ನಿಜವಾದ ತೊಡಕು. ಈ ಶೈಲಿಗಳೆಲ್ಲ ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಸರ್‌ನೇಮ್ ಇದೆ ಅಂದುಕೊಂಡು ಹುಟ್ಟಿದವು. ಚೀನಾದವರ ಮನೆತನದ ಹೆಸರು ಮೊದಲೇ ಬರುತ್ತದೆ. ಸ್ಪ್ಯಾನಿಷ್ ಹೆಸರಿನಲ್ಲಿ ಎರಡು ಸರ್‌ನೇಮ್. ಒಂದೇ ಹೆಸರಿನವರೂ ಇದ್ದಾರೆ, ಬರೀ ಇನಿಷಿಯಲ್ ಇರುವವರೂ ಇದ್ದಾರೆ. ಒಂದೇ ಹೆಸರಿದ್ದರೆ ಎಪಿಎಯಲ್ಲಿ ಅದನ್ನೇ ಹಾಗೇ ಬರೆಯಬಹುದು, ಇಲ್ಲದ ಸರ್‌ನೇಮ್ ಹುಟ್ಟಿಸಬೇಕಿಲ್ಲ. ಸ್ವಂತ ಲೇಖನ ಪ್ರಕಟಿಸುವ ಹಂತಕ್ಕೆ ಬಂದವರು ಮೊದಲೇ ಒಂದು ರೂಪ ನಿಶ್ಚಯಿಸಿ ಕೊನೆಯವರೆಗೂ ಅದನ್ನೇ ಬಳಸಬೇಕು. 2012ರಿಂದ ಓರ್ಕಿಡ್ (ORCID) ಅಂತ 16 ಅಂಕಿಗಳ ಗುರುತಿನ ಸಂಖ್ಯೆ ಉಚಿತವಾಗಿ ಸಿಗುತ್ತದೆ, ಹೆಸರು ಹೇಗೇ ಬಂದರೂ ಕೆಲಸ ನಿಮ್ಮದೇ ಅಂತ ಅದು ಹೇಳುತ್ತದೆ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ತಾಯ್ನುಡಿಯ ಪುಸ್ತಕವನ್ನು ಉಲ್ಲೇಖಿಸಬಾರದು ಅಂತ ಬಹಳ ವಿದ್ಯಾರ್ಥಿಗಳು ತಾವೇ ತೀರ್ಮಾನಿಸಿಬಿಡುತ್ತಾರೆ. ಹಾಗೇನೂ ಇಲ್ಲ. ಎಪಿಎಯಲ್ಲಿ ಶೀರ್ಷಿಕೆಯನ್ನು ಮೂಲ ಭಾಷೆಯದನ್ನೇ ಇಂಗ್ಲಿಷ್ ಲಿಪಿಗೆ ಇಳಿಸಿ, ಪಕ್ಕದಲ್ಲಿ ಚೌಕ ಆವರಣದಲ್ಲಿ ಅದರ ಇಂಗ್ಲಿಷ್ ಅನುವಾದ ಕೊಟ್ಟರೆ ಸಾಕು. ಅಲ್ಲಿನ ಪ್ರಾಧ್ಯಾಪಕರಿಗೆ ಸಿಗದ ಆಧಾರ ನಿಮಗೆ ಸಿಗುತ್ತದೆ ಅಂದರೆ ಅದು ನಿಮ್ಮ ಬಲ. ಧೈರ್ಯವಾಗಿ ಬಳಸಿ.

ಹೋಲಿಕೆ ಪರೀಕ್ಷಿಸುವ ಟರ್ನಿಟಿನ್‌ನಂಥ ಸಾಫ್ಟ್‌ವೇರ್ ಕೊಡುವ ಶೇಕಡಾ ಸಂಖ್ಯೆ ನೋಡಿ ಅಳುವವರನ್ನು ನೋಡಿದ್ದೇನೆ. ಆ ಸಂಖ್ಯೆ ಕೃತಿಚೌರ್ಯದ ತೀರ್ಪಲ್ಲ. ಉದ್ಧರಣ ಚಿಹ್ನೆ ಹಾಕಿದ ಮಾತು, ಉಲ್ಲೇಖ ಪಟ್ಟಿ, ಪ್ರಶ್ನೆಯ ಸಾಲು ಎಲ್ಲವೂ ಹೋಲಿಕೆಯಾಗಿ ಅದರಲ್ಲಿ ಸೇರಬಹುದು. ಎಲ್ಲಿ ಹೋಲುತ್ತಿದೆ ಅಂತ ಮನುಷ್ಯರು ಕೂತು ನೋಡಬೇಕು. ಎಐ ಬರೆದದ್ದೋ ಅಂತ ಹೇಳುವ ಸಾಧನಗಳ ಕಥೆ ಇನ್ನೂ ಗಂಭೀರ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಂಥ ಏಳು ಸಾಧನಗಳಿಗೆ, ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳನ್ನು ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಅವು ಎಐ ಬರೆದದ್ದು ಅಂತ ತಪ್ಪಾಗಿ ಗುರುತಿಸಿದವು. ಸರಳ ಪದ, ಸರಳ ವಾಕ್ಯ ಬಳಸಿದ್ದೇ ಅವರ ತಪ್ಪು ಅನ್ನುವ ಹಾಗೆ. ಆದ್ದರಿಂದ ಕರಡುಗಳನ್ನು ಅಳಿಸಬೇಡಿ, ಕೈಬರಹದ ನೋಟ್ಸ್ ಎಸೆಯಬೇಡಿ. ಯಾರಾದರೂ ಬೆರಳು ತೋರಿಸಿದರೆ ಅವೇ ನಿಮ್ಮ ಸಾಕ್ಷಿ.

ಹಾಗಂತ ಉಲ್ಲೇಖ ಹುಡುಕಿಕೊಡು ಅಂತ ಚಾಟ್‌ಬಾಟನ್ನು ಕೇಳಿ, ಅದು ಕೊಟ್ಟದ್ದನ್ನು ಪರೀಕ್ಷಿಸದೆ ಹಾಕುವುದು ಅಪಾಯ. ಲೇಖಕರ ಹೆಸರು, ಜರ್ನಲ್, ಸಂಪುಟ, ಪುಟ ಎಲ್ಲ ನಂಬುವ ಹಾಗಿರುತ್ತದೆ, ಲೇಖನ ಮಾತ್ರ ಇರುವುದೇ ಇಲ್ಲ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಡಿಒಐ ಇದ್ದರೆ ಅದನ್ನು ತೆರೆದು ನೋಡಿ. 10 ಅಂತ ಶುರುವಾಗುವ ಆ ಸಂಖ್ಯೆ ನೇರವಾಗಿ ಲೇಖನದ ಪುಟಕ್ಕೆ ಕರೆದೊಯ್ಯಬೇಕು. ಹೋಗದಿದ್ದರೆ ಅನುಮಾನಿಸಿ.

ಹಣ ಕೊಟ್ಟರೆ ಪ್ರಬಂಧ ಬರೆದುಕೊಡುತ್ತೇವೆ ಅಂತ ಬರುವ ಜಾಹೀರಾತುಗಳ ಬಗ್ಗೆ ತಂದೆತಾಯಿಗಳೂ ತಿಳಿದಿರಬೇಕು. ಹೊಸದಾಗಿ ಬಂದು ಒಂಟಿಯಾಗಿರುವ ವಿದ್ಯಾರ್ಥಿಗಳೇ ಅವರ ಗುರಿ. ಒಮ್ಮೆ ಹಣ ಕೊಟ್ಟವರನ್ನು ಆಮೇಲೆ "ವಿಶ್ವವಿದ್ಯಾಲಯಕ್ಕೆ ಹೇಳಿಬಿಡುತ್ತೇವೆ" ಅಂತ ಬೆದರಿಸಿ ಮತ್ತೆ ಹಣ ಕೀಳುವುದೂ ಇದೆ. ಇಂಥ ಸೇವೆ ಮಾರುವುದನ್ನು ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಕಾನೂನು ಮಾಡಿ ಅಪರಾಧ ಅಂದಿವೆ. ಆಧಾರ ಹುಡುಕಲು, ಉಲ್ಲೇಖ ಬರೆಯಲು ಬೇಕಾದ ಸಹಾಯವನ್ನು ಗ್ರಂಥಾಲಯದವರು ಪ್ರಾಮಾಣಿಕವಾಗಿ, ಬಿಟ್ಟಿಯಾಗಿ ಮಾಡುತ್ತಾರೆ. ಸಂಕೋಚಪಡದೆ ಹೋಗಿ ಕೇಳಬೇಕು, ಅದು ಅವರ ಕೆಲಸ, ಕೇಳಿದರೆ ಖುಷಿಯಿಂದಲೇ ತೋರಿಸುತ್ತಾರೆ.

ವಿಶ್ವವಿದ್ಯಾಲಯಗಳ ಮೇಲೂ ನನಗೆ ದೂರಿದೆ. ಬಂದ ಮೊದಲ ವಾರ, ಮನೆ ಹುಡುಕುವ, ಬ್ಯಾಂಕ್ ಖಾತೆ ತೆರೆಯುವ ಗಡಿಬಿಡಿಯ ನಡುವೆ ಒಂದು ಗಂಟೆಯ ಉಪನ್ಯಾಸ ಮಾಡಿ, ಕೃತಿಚೌರ್ಯ ಮಾಡುವುದಿಲ್ಲ ಅಂತ ಸಹಿ ಹಾಕಿಸಿಕೊಂಡರೆ ಅದನ್ನು ಕಲಿಸಿದ್ದು ಅನ್ನಲಾಗದು. ಮೊದಲ ಕರಡು ಕೈಯಲ್ಲಿರುವಾಗ, ಅಂಕ ಕಳೆಯದೆ, ಇಲ್ಲಿ ಯಾಕೆ ಉಲ್ಲೇಖ ಬೇಕಿತ್ತು ಅಂತ ಪಕ್ಕದಲ್ಲಿ ಕೂತು ತೋರಿಸಬೇಕು.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಶಿಕ್ಷಣದ ಪುಟದಲ್ಲಿ ವೀಸಾ, ಪರೀಕ್ಷೆಗಳ ಜೊತೆಗೆ ಇದಕ್ಕೂ ಜಾಗ ಕೊಡಿ. ನೋಟ್ಸ್ ಹೇಗೆ ಬರೆಯುವುದು, ಸ್ವಂತ ಮಾತಲ್ಲಿ ಸಾರಾಂಶ ಹೇಗೆ ಮಾಡುವುದು, ಒಂದು ಆಧಾರ ನಂಬಬಹುದೋ ಇಲ್ಲವೋ ಅಂತ ಹೇಗೆ ನೋಡುವುದು, ಆಮೇಲೆ ಫಾರ್ಮ್ಯಾಟ್. ಪ್ರವೇಶ ಸಿಕ್ಕಿ ಹೊರಡುವ ಮುಂಚೆ ಕೆಲವು ತಿಂಗಳು ಎಲ್ಲರಿಗೂ ಸಮಯ ಇರುತ್ತದೆ, ಆಗ ಓದಿ ಅಭ್ಯಾಸ ಮಾಡಿಕೊಳ್ಳಬಹುದು. ಬರೆದುಕೊಡಲು ನಾನು ಸಿದ್ಧಳಿದ್ದೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ